ಅಪ್ಪ ಫೋನಿನಲ್ಲಿ ಕಟ್ಟಿದ್ದ ಪಾರ್ಕು

"ಕೆರಿಯೊಳಗಿಂದ ಒಂದು ರೈಲು ಎದ್ದು ಬರತೈತಿ ಮಗಳ. ಅದರಾಗ ಕುಂತವರಿಗೆ ಒಂದು ಹನಿ ನೀರೂ ತಾಗಂಗಿಲ್ಲ. ನಿನ್ನ ಅದರಾಗ ಕುಂದರಸ್ತೀನಿ. ಅಳಬ್ಯಾಡ."

2012ರ ಕೊನೆಯ ತಿಂಗಳುಗಳು. ಒಂದು ಭಾನುವಾರ ಸಂಜೆ ಅಪ್ಪ ಫೋನಿನಲ್ಲಿ ಹೀಗೆ ಹೇಳಿದ. ನಾನಾಗ ಐದನೇ ಇಯತ್ತೆ. ತಮ್ಮನಿಗೆ ನಾಲ್ಕು ವರ್ಷ. ಅಪ್ಪ, ಅವ್ವ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿದ್ದರು. ನಾವಿಬ್ಬರು ಇಟಗಿಯಲ್ಲಿ ಅಜ್ಜಿಯ ಹತ್ತಿರ ಉಳಿದಿದ್ದೆವು. ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಮನೆಯವರ ಸಣ್ಣ ಸೆಟ್ಟಿಗೆ ವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಅಲ್ಲಿ ಕಟ್ಟೆಯ ಮೇಲೆ ಕುಳಿತು ಪಾಳಿ ಪ್ರಕಾರ ಮಾತಾಡುವುದು. ತಮ್ಮನ ಪಾಳಿ ಬಂದರೆ ಅವನು ಮಾತಾಡುತ್ತಿರಲಿಲ್ಲ, ಉಸಿರು ಬಿಡುತ್ತಿದ್ದ, ಅಷ್ಟೇ. ನನ್ನ ಪಾಳಿ ಬಂದರೆ ನಾನು ಅಳುತ್ತಿದ್ದೆ.

ಅಳು ನಿಲ್ಲಿಸಲು ಅಪ್ಪನಿಗೆ ಒಂದು ವಸ್ತು ಬೇಕಿತ್ತು. ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ಮೂರನೇ ಮಹಡಿಯಿಂದ ದೂರದಲ್ಲಿ ಒಂದು ದೊಡ್ಡ ಚಕ್ರ ಕಾಣುತ್ತಿತ್ತಂತೆ. ಅದು ವಂಡರ್‌ಲಾ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅಪ್ಪ ನನಗೆ ಆ ಪಾರ್ಕಿನ ಕತೆ ಹೇಳಿದ. ಒಂದು ವಾರ ಮಳೆ ಸುರಿಯುವ ಮನೆ. ಇನ್ನೊಂದು ವಾರ ಮನುಷ್ಯರನ್ನು ತಲೆಕೆಳಗೆ ಮಾಡುವ ಕುರ್ಚಿ. ಮತ್ತೊಂದು ವಾರ ಈ ನೀರಿನ ರೈಲು. ಪ್ರತಿ ಸಲ ಕೊನೆಗೆ ಒಂದೇ ಮಾತು, "ಒಂದಿನ ಎಲ್ಲಾರೂ ಕೂಡಿ ಹೋಗೂಣು."

ಆ ಒಂದಿನ ಬಂದದ್ದು 2025ರ ಮೇ ತಿಂಗಳಲ್ಲಿ. ನನಗೆ 24 ವರ್ಷ. ತಮ್ಮ ಪಿಯುಸಿ ಮುಗಿಸಿದ್ದ. ಅಪ್ಪನ ಮೊಣಕಾಲು ಸವೆದಿತ್ತು.

ಗುಳೆ ಅಂದರೆ ಏನೆಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ಪ್ರತಿ ಓಣಿಯಲ್ಲೂ ಬೀಗ ಹಾಕಿದ ಎರಡು ಮನೆ ಇದ್ದೇ ಇರುತ್ತವೆ. ಕಟ್ಟೆಯ ಮೇಲೆ ಮುದುಕರು, ಅವರ ಸುತ್ತ ಮೊಮ್ಮಕ್ಕಳು. 2011ರಲ್ಲೂ ಮಳೆ ಕೈಕೊಟ್ಟಿತು, 2012ರಲ್ಲೂ ಕೈಕೊಟ್ಟಿತು. ಜೋಳ ಮೊಣಕಾಲೆತ್ತರ ಬಂದು ಒಣಗಿತು. ಬೀಜ, ಗೊಬ್ಬರದ ಸಾಲ ಮೈಮೇಲೆ ನಿಂತಿತು. ಅಪ್ಪನಿಗೆ ಗೌಂಡಿ ಕೆಲಸ ಅಷ್ಟಿಷ್ಟು ಗೊತ್ತಿತ್ತು. ಅವ್ವ ಕಲ್ಲು, ಸಿಮೆಂಟು ಹೊರಲು ಸಿದ್ಧಳಿದ್ದಳು. ಊರಿನ ಇನ್ನೂ ನಾಲ್ಕು ಜೋಡಿ ಜೊತೆಗೆ ಬಸ್ ಹತ್ತಿದರು. ಬಿಡದಿ ಕಡೆ ಮೈಸೂರು ರಸ್ತೆಯ ಪಕ್ಕ ತಗಡಿನ ಶೆಡ್ಡಿನಲ್ಲಿ ಏಳು ತಿಂಗಳು ಇದ್ದು ಬಂದರು.

ಬಂದ ಮೇಲೂ ಮಾತು ಉಳಿಯಿತು. ಆದರೆ ಪ್ರತಿ ವರ್ಷ ಅದರ ಮುಂದೆ ಏನೋ ಒಂದು ಬಂದು ನಿಲ್ಲುತ್ತಿತ್ತು. ಎಂಟನೇ ಇಯತ್ತೆಯಲ್ಲಿ ಶಾಲೆಯ ಪ್ರವಾಸ ಬೆಂಗಳೂರು, ಮೈಸೂರಿಗೆ ಹೊರಟಿತು. ರೊಕ್ಕ ಹೊಂದಲಿಲ್ಲ. "ಅವರ ಜೋಡಿ ಯಾಕ, ನಾವೇ ಹೋಗೂಣು" ಅಂದ ಅಪ್ಪ. 2015, 2016ರಲ್ಲಿ ಮತ್ತೆ ಬರ. ಆಮೇಲೆ ಬೋರ್ ಹಾಕಿಸಿದೆವು, ಮೊದಲನೆಯದು ಬತ್ತಿತು. 2020ರಲ್ಲಿ ಕೊರೊನಾ. ನಾನು ಡಿಗ್ರಿ ಮುಗಿಸಿ ಪತ್ರಿಕೋದ್ಯಮಕ್ಕೆ ಸೇರಿದೆ, ಆ ಫೀಸು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ನಾವು ಆ 223ರೊಳಗೇ ಇದ್ದೆವು.

ಇಷ್ಟರಲ್ಲಿ ವಂಡರ್‌ಲಾ ನನಗೆ ಬೇಡವಾಗಿತ್ತು. ನಿಜ ಹೇಳಬೇಕೆಂದರೆ ಅದರ ಹೆಸರು ತೆಗೆದರೆ ಸಿಟ್ಟು ಬರುತ್ತಿತ್ತು. ನೆರವೇರದ ಮಾತನ್ನು ಪ್ರತಿ ದೀಪಾವಳಿಗೆ ಯಾಕೆ ಹೊರತೆಗೆಯಬೇಕು? ಆದರೆ ರಾತ್ರಿ ಮೊಬೈಲಿನಲ್ಲಿ ಆ ಪಾರ್ಕಿನ ವಿಡಿಯೊ ನೋಡುತ್ತಿದ್ದವಳೂ ನಾನೇ. ನೀರೊಳಗಿನ ರೈಲನ್ನು ಹುಡುಕುತ್ತಿದ್ದೆ. ಯಾವ ವಿಡಿಯೊದಲ್ಲೂ ಸಿಗುತ್ತಿರಲಿಲ್ಲ. ಅಲ್ಲಿ ಹೋದವರು ಅದನ್ನು ತೆಗೆಯುವುದು ಮರೆತಿರಬೇಕು ಅಂದುಕೊಳ್ಳುತ್ತಿದ್ದೆ.

ಕೊನೆಗೆ ಹೊರಡಿಸಿದವಳು ಅವ್ವ.

ಅವಳಿಗೆ ಗೃಹಲಕ್ಷ್ಮಿ ದುಡ್ಡು ಬರುತ್ತದೆ, ತಿಂಗಳಿಗೆ 2000 ರೂಪಾಯಿ. ಅದರಲ್ಲಿ ಕಿರಾಣಿ, ಅಜ್ಜಿಯ ಗುಳಿಗೆ ಎಲ್ಲಾ ಕಳೆದು ಉಳಿದದ್ದನ್ನು ಪಾಸ್‌ಬುಕ್ಕಿನಲ್ಲೇ ಬಿಟ್ಟಿದ್ದಳು. ಏಪ್ರಿಲಿನಲ್ಲಿ ಒಂದು ದಿನ ಪಾಸ್‌ಬುಕ್ ತಂದು ನನ್ನ ಮುಂದೆ ಹಿಡಿದಳು. "ಎಷ್ಟೈತಿ ನೋಡು. ನಿಮ್ಮಪ್ಪ ಕೊಟ್ಟ ಮಾತು ಹಂಗ ಉಳದೈತಿ. ಅವರಿಗೆ ಅದು ಚುಚ್ಚತೈತಿ, ಬಾಯಿ ಬಿಡಂಗಿಲ್ಲ. ಹೋಗಿ ಬಂದು ಬಿಡೂಣು."

ನಾನು ಲೆಕ್ಕ ಹಾಕಿದೆ. ಪಾರ್ಕಿನ ಟಿಕೆಟ್ ದಿನದಿಂದ ದಿನಕ್ಕೆ ಬದಲಾಗುತ್ತದೆ, ಆದರೆ ದೊಡ್ಡವರಿಗೆ ಸಾವಿರ ರೂಪಾಯಿಯ ಮೇಲೆಯೇ. ಉದ್ಯೋಗ ಖಾತ್ರಿ ಕೂಲಿ 2025ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಒಬ್ಬರು ಒಂದು ದಿನ ಒಳಗೆ ಹೋಗಿ ಬರಲು ನಾಲ್ಕೈದು ದಿನ ಬದು ಕಡಿಯಬೇಕು. ಐದು ಜನಕ್ಕೆ ಅಂದರೆ ಇಪ್ಪತ್ತು ದಿನಕ್ಕೂ ಹೆಚ್ಚು. ಈ ಲೆಕ್ಕ ಅವ್ವನಿಗೆ ಹೇಳಿದೆ. ಅವಳು, "ಲೆಕ್ಕ ಮಾಡಿದ್ರ ಯಾರೂ ಲಗ್ನಾನೂ ಆಗಂಗಿಲ್ಲ" ಅಂದಳು.

ಬಸ್ಸಿನ ಖರ್ಚು ಕಡಿಮೆ ಇತ್ತು. 2023ರ ಜೂನಿನಿಂದ ಶಕ್ತಿ ಯೋಜನೆ ಇದೆಯಲ್ಲ, ಅವ್ವ, ಅಜ್ಜಿ, ನಾನು ಮೂವರಿಗೂ ಕೆಂಪು ಬಸ್ಸಿನಲ್ಲಿ ಶೂನ್ಯ ಟಿಕೆಟ್. ಅಪ್ಪ, ತಮ್ಮ ಇಬ್ಬರದೇ ಹಣ. ಕಂಡಕ್ಟರ್ ಕೊಟ್ಟ ಆ ಶೂನ್ಯ ಟಿಕೆಟನ್ನು ಅಜ್ಜಿ ಎಲೆಅಡಿಕೆ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಳು.

ಹೊರಡುವ ಮುಂಚಿನ ದೊಡ್ಡ ಜಗಳ ಅರಿವೆಯದು. ನೀರಿನ ಆಟಕ್ಕೆ ಸೀರೆ, ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ತರಹದ ಅರಿವೆಯೇ ಬೇಕು ಎಂದು ನಾನು ಓದಿದ್ದೆ. ಕೊಪ್ಪಳದ ಬಜಾರಿನಲ್ಲಿ ಅವ್ವನಿಗೆ ಒಂದು ಟೀ ಶರ್ಟು, ಒಂದು ಉದ್ದನೆಯ ಪ್ಯಾಂಟು ತಂದೆ. ಅವ್ವ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದನ್ನ ಹಾಕ್ಕೊಂಡು ನಾ ಮಂದಿ ಮುಂದ ನಿಂದ್ರಲೇನು?" ಅಂದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ ಎಲ್ಲಾ ಕಟ್ಟಿದ ಮೇಲೆ ಆ ಅರಿವೆಯನ್ನು ಚೀಲದ ಅಡಿಗೆ ಹಾಕಿದಳು. ಬಿಟ್ಟು ಬರಲಿಲ್ಲ ಅನ್ನುವುದನ್ನು ನಾನು ಗಮನಿಸಿದೆ.

ರಾತ್ರಿಯಿಡೀ ಬಸ್ಸು. ಬೆಳಗ್ಗೆ ಮೆಜೆಸ್ಟಿಕ್. ಅಲ್ಲಿಂದ ಕೆಂಗೇರಿಗೆ ಮೆಟ್ರೊ. ಅಪ್ಪನ ಜೊತೆ ಗುಳೆ ಹೋದವರಲ್ಲಿ ಒಬ್ಬರು ಊರಿಗೆ ಮರಳದೆ ಅಲ್ಲೇ ಉಳಿದಿದ್ದರು, ಅವರ ಮನೆಯಲ್ಲಿ ಇಳಿದೆವು. ಒಂದೇ ಕೋಣೆ. ನಾವು ಐದು, ಅವರು ನಾಲ್ಕು. ಆದರೂ ಅಪ್ಪ ಅಲ್ಲಿ ಎಷ್ಟೋ ವರ್ಷದ ಮೇಲೆ ನಗುನಗುತ್ತಾ ಮಾತಾಡಿದ. ಇಬ್ಬರೂ ಕೂಡಿ ಬೀಡಿ ಸೇದಲು ಹೊರಗೆ ಹೋದವರು ತಾಸು ಬರಲಿಲ್ಲ.

ಮರುದಿನ ಬೆಳಗ್ಗೆ ಮೈಸೂರು ರಸ್ತೆಯ ಬಸ್ಸು ಹಿಡಿದೆವು. ಅಪ್ಪ ಕಿಟಕಿಯ ಪಕ್ಕ ಕುಳಿತು ಏನೋ ಹುಡುಕುತ್ತಿದ್ದ. "ಈ ರಸ್ತೆ ನಂಗ ಗೊತ್ತಾಗವಲ್ದು" ಅಂದ. ಹೇಗೆ ಗೊತ್ತಾಗಬೇಕು? ಅವನು ಇದ್ದಾಗ ಇಲ್ಲಿ ಮೆಟ್ರೊ ಕಂಬಗಳೇ ಇರಲಿಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಹಳೆಯ ಗುರುತುಗಳನ್ನೆಲ್ಲ ತಿಂದು ಹಾಕಿತ್ತು.

ಗೇಟಿನ ಮುಂದೆ ನಿಂತಾಗ ನನಗೆ ಎದೆ ಬಡಿದುಕೊಳ್ಳುತ್ತಿತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು. ಹನ್ನೊಂದು ವರ್ಷದ ಹುಡುಗಿ ಇನ್ನೂ ಒಳಗೆ ಇದ್ದಳು.

ವಂಡರ್‌ಲಾ ಶುರುವಾದದ್ದು 2005ರಲ್ಲಿ. ವಿ-ಗಾರ್ಡ್ ಎಂಬ ಸ್ಟೆಬಿಲೈಸರ್ ನಿಮ್ಮ ಮನೆಯಲ್ಲೂ ಇರಬಹುದು. ಅದನ್ನು ಕಟ್ಟಿ ಬೆಳೆಸಿದ ಕೇರಳದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ಒಂದು ಪಾರ್ಕ್ ಮಾಡಿದರು, ಆಮೇಲೆ ಬೆಂಗಳೂರಿನದು. ಇದನ್ನೆಲ್ಲ ನಾನು ಬಸ್ಸಿನಲ್ಲಿ ಓದಿ ಅಪ್ಪನಿಗೆ ಹೇಳಿದ್ದೆ. ಅಪ್ಪ ಕೇಳಿದ್ದು ಒಂದೇ, "ಕಟ್ಟಿದ ಗೌಂಡ್ಯಾರು ಯಾವ ಕಡೆಯವರಂತ?"

ಒಳಗೆ ಹೋಗುವಾಗ ನಮ್ಮ ಮೊದಲ ಸೋಲು ರೊಟ್ಟಿಯದು. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವ್ವ ಬೆಳಗಿನ ನಾಲ್ಕಕ್ಕೆ ಎದ್ದು ಬುತ್ತಿ ಬಿಚ್ಚಿ ಮತ್ತೆ ಕಟ್ಟುವಾಗ ಹೇಳಲು ಬಾಯಿ ಬರಲಿಲ್ಲ. ಬುತ್ತಿ ಹೊರಗೇ ಉಳಿಯಿತು. ಅವ್ವ ಏನೂ ಅನ್ನಲಿಲ್ಲ. ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿ ಇಟ್ಟಳು. ತಪ್ಪು ನನ್ನದು.

ಒಳಗೆ ಹೋದೊಡನೆ ನಾನು ಕಣ್ಣಿನಲ್ಲೇ ಚಕ್ರ ಹುಡುಕಿದೆ. ಇತ್ತು. ಎತ್ತರಕ್ಕೇ ಇತ್ತು. ಆದರೆ ಹದಿಮೂರು ವರ್ಷದಲ್ಲಿ ನನ್ನ ತಲೆಯೊಳಗೆ ಬೆಳೆದ ಚಕ್ರಕ್ಕೆ ಮೋಡ ತಾಗುತ್ತಿತ್ತು. ಇದಕ್ಕೆ ತಾಗುತ್ತಿರಲಿಲ್ಲ. ಅಪ್ಪನೂ ಅದನ್ನೇ ನೋಡುತ್ತಿದ್ದ. "ಅವಾಗ ಇನ್ನಾ ದೊಡ್ಡದಿತ್ತು" ಅಂದ.

ತಮ್ಮನಿಗೆ ಇದ್ಯಾವ ಭಾರವೂ ಇರಲಿಲ್ಲ. ಅವನು ಓಡಿದ. ಅವನ ಲೆಕ್ಕ ಬೇರೆ, ಎಷ್ಟು ಆಟ, ಎಷ್ಟು ವಿಡಿಯೊ. ಮೇ ತಿಂಗಳ ರಜೆ, ಎಲ್ಲಾ ಕಡೆ ಮಂದಿ. ಮುಕ್ಕಾಲು ತಾಸು ಪಾಳಿ, ಎರಡು ನಿಮಿಷ ಆಟ. ನಾನೂ ಅವನ ಜೊತೆ ಒಂದು ರೋಲರ್ ಕೋಸ್ಟರ್ ಹತ್ತಿದೆ. ಮೇಲೆ ಹೋಗುವಾಗ ಖುಷಿಯಾಯಿತು. ಹಿಂದಕ್ಕೆ ಬಿಟ್ಟಾಗ ಕಣ್ಣು ಮುಚ್ಚಿದೆ. ಇಳಿದ ಮೇಲೆ ಗಿಡದ ಬುಡದಲ್ಲಿ ಕುಳಿತು ಬೆಳಗಿನ ಇಡ್ಲಿ ಎಲ್ಲಾ ಕಾರಿದೆ. ಅಪ್ಪ ಬೆನ್ನು ಸವರಿದ. ಇಪ್ಪತ್ನಾಲ್ಕು ವರ್ಷದವಳಿಗೆ ಈ ಆಟ ಬೇಡವಾಗಿತ್ತು. ಬೇಕಾಗಿದ್ದವಳು ಹನ್ನೊಂದರವಳು, ಅವಳಿಗೆ ಈ ಟಿಕೆಟ್ ತಡವಾಗಿ ಸಿಕ್ಕಿತ್ತು. ಅಲ್ಲಿ ಕುಳಿತಾಗ ನನಗೆ ಯಾರ ಮೇಲೋ ಗೊತ್ತಿಲ್ಲದ ಸಿಟ್ಟು ಬಂತು. ಮಳೆಯ ಮೇಲೋ, ಬೋರಿನ ಮೇಲೋ.

ಅಜ್ಜಿಗೆ ಎಪ್ಪತ್ತು ದಾಟಿದೆ. ಅವಳಿಗೆ ಇದು ಜಾತ್ರೆ. ಕೊಪ್ಪಳದ ಗವಿಮಠದ ಜಾತ್ರೆಯನ್ನು ಅವಳು ತಪ್ಪಿಸಿದವಳಲ್ಲ. ತೊಟ್ಟಿಲು ಇದೆ, ಕುದುರೆ ಇದೆ, ಮಂದಿ ಇದೆ, ತಿನ್ನುವ ಅಂಗಡಿ ಇದೆ. ಮಧ್ಯಾಹ್ನದವರೆಗೆ ಸುಮ್ಮನಿದ್ದು ಆಮೇಲೆ ನನ್ನ ಕೈ ಹಿಡಿದು ಕೇಳಿದಳು, "ಯವ್ವಾ, ಇಲ್ಲಿ ತೇರು ಎಷ್ಟೊತ್ತಿಗೆ ಎಳೀತಾರ?"

ತೇರು ಇಲ್ಲ ಅಂದೆ. "ದಾಸೋಹ?" ಅದೂ ಇಲ್ಲ ಅಂದೆ. ಅಜ್ಜಿ ಯೋಚನೆ ಮಾಡಿದಳು. "ಹಂಗಾದ್ರ ಇಷ್ಟು ಮಂದಿ ಯಾಕ ಬಂದಾರ?"

ನಗಬೇಡಿ. ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಗಾಡಿಗಟ್ಟಲೆ ರೊಟ್ಟಿ ಹೋಗುತ್ತದೆ. ಅಜ್ಜಿ ಪ್ರತಿ ವರ್ಷ ರೊಟ್ಟಿ ಬಡಿದು ಕಳಿಸುತ್ತಾಳೆ. ಅವಳ ಜಾತ್ರೆಯಲ್ಲಿ ಅವಳದೂ ಒಂದು ಪಾಲಿರುತ್ತದೆ. ಇಲ್ಲಿ ಅವಳ ರೊಟ್ಟಿ ಗೇಟಿನ ಹೊರಗಿತ್ತು. ನಾಟಕ ನೋಡಲು ಬಂದು ಖುರ್ಚಿ ಸಿಗದವರಂತೆ ಅವಳು ಆ ದಿನವೆಲ್ಲ ಇದ್ದಳು. ಕೊನೆಗೆ ತಿರುಗುವ ಕುದುರೆಗಳ ಮೇಲೆ ತಮ್ಮ ಅವಳನ್ನು ಎತ್ತಿ ಕೂರಿಸಿದ. ಕುದುರೆಯ ಕುತ್ತಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕುಳಿತಳು. ಇಳಿದ ಮೇಲೆ, "ಮತ್ತೊಂದು ಸುತ್ತು" ಅಂದಳು.

ಅವ್ವನದು ನೀರಿನ ಕತೆ.

ನಮ್ಮ ಭಾಗದ ಬೋರ್ ನೀರಿನಲ್ಲಿ ಫ್ಲೋರೈಡ್. ಕುಡಿಯಲು ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುತ್ತೇವೆ. ಬೇಸಿಗೆಯಲ್ಲಿ ನಳ ಬರುವ ದಿನವನ್ನು ಹಬ್ಬದಂತೆ ಕಾಯುತ್ತೇವೆ. ಅವ್ವ ಮದುವೆಯಾಗಿ ಬಂದಾಗಿನಿಂದ ಅವಳ ದಿನದ ಮೊದಲ ಚಿಂತೆ ಕೊಡ. ಇಂಥವಳನ್ನು ಆ ಅಲೆಯ ಕೊಳದ ದಂಡೆಗೆ ತಂದು ನಿಲ್ಲಿಸಿದೆ. ಕೆರೆಯಷ್ಟು ನೀರು. ಸೀಟಿ ಹೊಡೆದರು. ಯಂತ್ರ ನೀರನ್ನು ತಳ್ಳಿತು. ಸಮುದ್ರದ ಹಾಗೆ ಅಲೆ ಎದ್ದು ಬಂತು. ನೂರಾರು ಮಂದಿ ಕೂಗಿದರು.

ಅವ್ವ ಕೂಗಲಿಲ್ಲ. "ಇಷ್ಟು ನೀರು ಎಲ್ಲಿಂದ ತರ್ತಾರ?" ಎಂದು ಕೇಳಿದಳು. ಶೋಧಿಸಿ ಮತ್ತೆ ಮತ್ತೆ ಅದನ್ನೇ ಬಳಸುತ್ತಾರೆ ಎಂದು ಹೇಳಿದೆ. "ಹಂಗಾದ್ರ ಪುಣ್ಯಾ" ಅಂದಳು. ಆದರೂ ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತಳು. ನೀರು ಹೀಗೂ ಖರ್ಚಾಗಬಹುದು, ಯಾರೂ ಬೈಯುವುದಿಲ್ಲ ಅನ್ನುವುದು ಅವಳಿಗೆ ನಂಬಲಾಗದ ಸಂಗತಿಯಾಗಿತ್ತು.

ಆಮೇಲೆ ಚೀಲ ಎತ್ತಿಕೊಂಡು ಎಲ್ಲೋ ಹೋದಳು. ಕಾಲು ತಾಸಿನ ಮೇಲೆ ಬಂದವಳನ್ನು ನಾನು ಗುರುತು ಹಿಡಿಯಲಿಲ್ಲ. ಟೀ ಶರ್ಟು, ಪ್ಯಾಂಟು, ಕೊರಳಲ್ಲಿ ತಾಳಿ, ಹಣೆಯಲ್ಲಿ ಕುಂಕುಮ. ಎರಡೂ ಕೈಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ಗೋಡೆಯ ಪಕ್ಕದಲ್ಲೇ ನಡೆದು ಬಂದಳು. ಯಾರೂ ಅವಳ ಕಡೆ ನೋಡಲಿಲ್ಲ. ಅವಳ ವಯಸ್ಸಿನ ಎಷ್ಟೋ ಹೆಂಗಸರು ಅದೇ ವೇಷದಲ್ಲಿದ್ದರು. ಯಾರೂ ನೋಡುತ್ತಿಲ್ಲ ಅನ್ನುವುದು ಅವಳಿಗೆ ಗೊತ್ತಾದ ಗಳಿಗೆ ನನಗೆ ಕಂಡಿತು. ಕೈ ಸಡಿಲವಾಯಿತು. ಹೆಗಲು ಇಳಿಯಿತು. ನೀರಿಗೆ ಇಳಿದಳು.

ಮೊದಲ ಅಲೆಗೆ ಬಿದ್ದಳು. ಎದ್ದಳು. ಎರಡನೆಯದಕ್ಕೆ ನನ್ನ ಕೈ ಹಿಡಿದಳು. ಮೂರನೆಯದಕ್ಕೆ ಕೈ ಬಿಟ್ಟಳು. ಆಮೇಲೆ ಅವಳು ನಕ್ಕದ್ದನ್ನು ನಾನು ಏನೆಂದು ಹೇಳಲಿ. ನಮ್ಮ ಮನೆಯಲ್ಲಿ ಅವ್ವ ನಗುತ್ತಾಳೆ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ. ಅವತ್ತು ಸೆರಗಿರಲಿಲ್ಲ. ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ, ಮೂಗಿನಲ್ಲಿ ನೀರು ಹೋಗಿ ಕೆಮ್ಮಿ, ಮತ್ತೆ ನಕ್ಕಳು. ಎರಡು ತಾಸು ನೀರು ಬಿಟ್ಟು ಬರಲಿಲ್ಲ. ಮಳೆ ಸುರಿಯುವ ಮನೆಯಲ್ಲಿ ಹಾಡು ಹಚ್ಚಿದ್ದರು, ಅಲ್ಲೂ ಹೋಗಿ ನಿಂತಳು. ಅಪ್ಪ ಹೇಳಿದ ಕತೆಯಲ್ಲಿ ಇದೊಂದು ನಿಜ ಇತ್ತು.

ಅಪ್ಪ ಚೀಲ ಕಾಯುತ್ತಾ ಕುಳಿತಿದ್ದ. ಯಾವ ಆಟಕ್ಕೂ ಬರಲಿಲ್ಲ. ಮೊಣಕಾಲು ಅಂದ. ಆದರೆ ಸುಮ್ಮನೆ ಕುಳಿತಿರಲಿಲ್ಲ. ಕೊಳದ ಅಂಚಿನ ಟೈಲ್ಸ್ ಮೇಲೆ ಕೈ ಆಡಿಸಿ ನೋಡಿದ. ನೀರು ನಿಲ್ಲದೆ ಹರಿದು ಹೋಗುವ ಇಳಿಜಾರನ್ನು ಬಗ್ಗಿ ನೋಡಿ, "ವಾಟ ಛಲೋ ಕೊಟ್ಟಾರ" ಅಂದ. ಅಲ್ಲಿ ಕಸ ಗುಡಿಸುತ್ತಿದ್ದ ಒಬ್ಬರ ಮಾತು ಕೇಳಿ, "ಯಾವೂರ್ರೀ?" ಅಂದ. ಕುಷ್ಟಗಿ ಕಡೆಯವರು. ಅರ್ಧ ತಾಸು ಇಬ್ಬರೂ ಮಳೆ, ಹೆಸರು, ತೊಗರಿಯ ಮಾತಾಡಿದರು. ಸಾವಿರಕ್ಕೂ ಮೇಲೆ ಕೊಟ್ಟ ಟಿಕೆಟ್ಟಿನಲ್ಲಿ ಅಪ್ಪ ಮಾಡಿದ್ದು ಊರಿನ ಮಾತು.

ಸಂಜೆ ಹೊತ್ತಿಗೆ ನಾನು ಅಪ್ಪನ ಪಕ್ಕ ಬಂದು ಕುಳಿತೆ. "ಅಪ್ಪಾ, ಆ ನೀರಿನ ರೈಲು ಎಲ್ಲೈತಿ? ಎಲ್ಲಾ ಕಡೆ ನೋಡಿದೆ."

ಅಪ್ಪ ನನ್ನ ಮುಖ ನೋಡಿದ. ಅವನಿಗೆ ನೆನಪೇ ಇರಲಿಲ್ಲ. ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕ. "ಅದಾ? ನೀ ಅಳಾಕತ್ತಿದ್ದಿ. ಏನಾರ ಹೇಳಬೇಕಿತ್ತಲ್ಲ."

ಹದಿಮೂರು ವರ್ಷ ನಾನು ಕಾದದ್ದು ಅದಕ್ಕೆ.

ಮುಂದಿನದನ್ನು ಅವ್ವ ಹೇಳಿದಳು, ಕೂದಲು ಹಿಂಡಿಕೊಳ್ಳುತ್ತಾ. ಆ ಏಳು ತಿಂಗಳಲ್ಲಿ ಇಬ್ಬರೂ ಒಂದೇ ಸಲ ಇಲ್ಲಿಗೆ ಬಂದಿದ್ದರಂತೆ. ವಾರದ ಬಟವಾಡೆ ಆದ ಮೇಲೆ, ಬಸ್ ಚಾರ್ಜು ಉಳಿಸಲು ನಡೆದುಕೊಂಡೇ ಬಂದು ಗೇಟಿನ ಹೊರಗೆ ನಿಂತಿದ್ದರಂತೆ. ಟಿಕೆಟ್ ಎಷ್ಟೆಂದು ಕೇಳಿಕೊಂಡು, ಬೋರ್ಡಿನ ಮೇಲಿನ ಚಿತ್ರಗಳನ್ನು ನೋಡಿಕೊಂಡು, ನಡೆದುಕೊಂಡೇ ವಾಪಸ್ ಹೋಗಿದ್ದರಂತೆ. "ಆ ಬೋರ್ಡ್ ನೋಡಿ ನೋಡಿ ಬಂದು ನಿಂಗ ಹೇಳಿದ್ರು. ಬೋರ್ಡಿನ ಚಿತ್ರ ಖಾಲಿ ಆದಮ್ಯಾಲೆ ತಾವ ಹುಟ್ಟಿಸಿದ್ರು" ಅಂದಳು.

ಕತ್ತಲಾಗುವ ಮುಂಚೆ ಐದೂ ಮಂದಿ ಕೂಡಿ ಚಕ್ರ ಹತ್ತಿದೆವು. ಅಪ್ಪ ಹತ್ತಿದ ಆಟ ಅದೊಂದೇ. ಮೇಲೆ ಹೋದಾಗ ತಮ್ಮ ಮೊಬೈಲ್ ತೆಗೆದ. ಅಜ್ಜಿ ಕಣ್ಣು ಮುಚ್ಚಿ ಗವಿಸಿದ್ಧನನ್ನು ನೆನೆದಳು. ಅಪ್ಪ ಬೆಂಗಳೂರಿನ ಕಡೆಗೆ ನೋಡಿ ಹುಡುಕಿದ. ಎಷ್ಟೋ ಕಟ್ಟಡಗಳು. ಎರಡನೇ ಸುತ್ತಿಗೆ ಬೆರಳು ತೋರಿಸಿದ. "ಅಲ್ಲಿಂದ ಇದು ಕಾಣ್ತಿತ್ತು. ಇಲ್ಲಿಂದ ಅದು ಕಾಣ್ತೈತಿ."

ಮರುದಿನ ನಾವು ಊರಿಗೆ ಹೊರಡಬೇಕಿತ್ತು. ಅಪ್ಪ ಬೆಳಗ್ಗೆಯೇ ಎದ್ದು ಗಡ್ಡ ಮಾಡಿಕೊಂಡು ಕುಳಿತಿದ್ದ. ಹೇಳದೆ ಗೊತ್ತಾಯಿತು. ಅವನ ಗೆಳೆಯರು ದಾರಿ ತೋರಿಸಿದರು. ಹಳೆಯ ರಸ್ತೆಯಲ್ಲಿ ಇಳಿದು ಸ್ವಲ್ಪ ನಡೆದೆವು.

ಕಟ್ಟಡ ಈಗ ಮನೆಗಳಿಂದ ತುಂಬಿದೆ. ಬಾಲ್ಕನಿಗಳಲ್ಲಿ ಬಟ್ಟೆ, ಕುಂಡ, ಸೈಕಲ್. ಒಳಗೆ ಹೋಗಲು ನಮಗೆ ಯಾರ ಪರಿಚಯವೂ ಇರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಚಹಾದ ಗಾಡಿಯ ಹತ್ತಿರ ನಿಂತೆವು. ಅಪ್ಪ ಮಹಡಿ ಎಣಿಸಿದ. "ಮೂರನೇದು. ಆ ಮೂಲಿ ಗ್ವಾಡಿ ನಂದು. ಪ್ಲಾಸ್ಟರ್ ಇನ್ನಾ ಹಂಗ ಐತಿ ನೋಡು, ಒಂದು ಬಿರುಕಿಲ್ಲ." ಅವ್ವ ಬೇರೆ ಕಡೆ ತೋರಿಸಿದಳು. ಈಗ ಕಾರು ನಿಲ್ಲಿಸುವ ಜಾಗ. "ಅಲ್ಲಿ ನಮ್ಮ ಶೆಡ್ಡಿತ್ತು. ಅಲ್ಲಿ ನೀರಿನ ಡ್ರಮ್. ಅಲ್ಲಿ ಕುಂತು ನಾ ಫೋನಿನ ಪಾಳಿ ಕಾಯ್ತಿದ್ದೆ."

ತಮ್ಮ ವಿಡಿಯೊ ತೆಗೆಯಲಿಲ್ಲ. ಅವನು ಅಪ್ಪನ ಪಕ್ಕ ನಿಂತು ಆ ಗೋಡೆಯನ್ನೇ ನೋಡಿದ. ಪಾರ್ಕಿನಲ್ಲಿ ಒಂದು ಕಡೆ ನಿಲ್ಲದವನು ಇಲ್ಲಿ ಅಲ್ಲಾಡಲಿಲ್ಲ. "ಅಪ್ಪಾ, ಇದಕ್ಕ ನಿನಗ ದಿನಕ್ಕ ಎಷ್ಟು ಕೊಡ್ತಿದ್ರು?" ಎಂದು ಕೇಳಿದ. ನನಗೆ ಗೊತ್ತಿದ್ದಂತೆ ಅವನು ಅಪ್ಪನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಚಹಾ ಎರಡು ಸಲ ಕುಡಿದೆವು. ಹೊರಗುಳಿದಿದ್ದ ರೊಟ್ಟಿ ಬುತ್ತಿಯನ್ನು ಅವ್ವ ಅಲ್ಲೇ ಕಲ್ಲಿನ ಮೇಲೆ ಬಿಚ್ಚಿದಳು. ರೊಟ್ಟಿ ಒಣಗಿ ಕಟಕಟ ಆಗಿದ್ದವು, ಅವು ಹಾಗೇ ರುಚಿ. ಗಾಡಿಯವರಿಗೂ ಒಂದು ಕೊಟ್ಟಳು.

ಪ್ರವಾಸ ಹೇಗಿತ್ತು ಎಂದು ಊರಲ್ಲಿ ಎಲ್ಲರೂ ಕೇಳಿದರು. ಹೇಗೆ ಹೇಳುವುದು?

ನಮ್ಮೂರೂ ಪ್ರವಾಸದ ಊರೇ. ಇಟಗಿಯ ಮಹಾದೇವ ದೇವಾಲಯವನ್ನು ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆಯುತ್ತದೆ. ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಮಕ್ಕಳು ಇಳಿಯುತ್ತಾರೆ, ಅರ್ಧ ತಾಸು ಓಡಾಡುತ್ತಾರೆ. ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳಿತಿರುವ ನಮಗೆ ಅವರ ಮಾತು ಕೇಳುತ್ತದೆ. "ಇಷ್ಟೇನಾ?" ಸಣ್ಣವಳಿದ್ದಾಗ ಆ ಮಾತಿಗೆ ನನಗೆ ಮೈ ಉರಿಯುತ್ತಿತ್ತು. ಕಂಬದ ನುಣುಪು ನೋಡಿದಿರಾ, ಒಳಮಾಳಿಗೆಯ ಕೆತ್ತನೆ ತಲೆ ಎತ್ತಿ ನೋಡಿದಿರಾ ಎಂದು ಕೇಳಬೇಕು ಅನ್ನಿಸುತ್ತಿತ್ತು. ಆ ಚಕ್ರದ ಕೆಳಗೆ ನಿಂತಾಗ ನನ್ನ ಮುಖದ ಮೇಲೂ ಅದೇ ಮಾತಿತ್ತು, ಇಷ್ಟೇನಾ. ಆ ಮಕ್ಕಳ ಮೇಲಿನ ಸಿಟ್ಟು ಈಗ ಇಳಿದಿದೆ. ಅವರಿಗೂ ಯಾರೋ ಮನೆಯಲ್ಲಿ ಏನೋ ಹೇಳಿ ಕಳಿಸಿರುತ್ತಾರೆ.

ಹಾಗಾದರೆ ಹೋಗಬೇಕೋ ಬೇಡವೋ ಎಂದು ಕೇಳುವವರಿಗೆ ನಾಲ್ಕು ಮಾತು ಹೇಳುತ್ತೇನೆ. ಸಾಧ್ಯವಿದ್ದರೆ ಶಾಲೆಯ ರಜೆ ಬಿಟ್ಟು, ವಾರದ ನಡುವಿನ ದಿನ ಹೋಗಿ. ಶಕ್ತಿ ಟಿಕೆಟ್ಟಿಗೆ ಆಧಾರ್ ಮರೆಯಬೇಡಿ. ನೀರಿಗೆ ಹಾಕುವ ಅರಿವೆ ಇಲ್ಲಿಂದಲೇ ಒಯ್ಯಿರಿ, ಮನೆಯ ಹೆಂಗಸರಿಗೂ ಒಯ್ಯಿರಿ, ಬೇಡ ಅಂದರೂ ಚೀಲದಲ್ಲಿ ಇರಲಿ. ಸಣ್ಣ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದುಕೊಳ್ಳಿ. ದೊಡ್ಡ ಆಟಗಳಿಗೆ ಎತ್ತರದ ನಿಯಮ ಇರುತ್ತದೆ, ಅಲ್ಲಿ ಹೋಗಿ ಅಳಿಸಬೇಡಿ. ತಲೆ ತಿರುಗುವವರು ಬೆಳಗ್ಗೆ ಹೊಟ್ಟೆ ಬಿರಿಯ ತಿನ್ನಬೇಡಿ, ಇದು ಅನುಭವದ ಮಾತು. ಮತ್ತು ಬುತ್ತಿಯ ವಿಷಯ ಅವ್ವನಿಗೆ ಮೊದಲೇ ಹೇಳಿ.

ಮಕ್ಕಳು ಸಣ್ಣವರಿದ್ದಾಗಲೇ ಹೋಗಿ ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ಅದು ಕೈಯಲ್ಲಿ ಇದ್ದಿದ್ದರೆ ನಮ್ಮಪ್ಪನೂ ಹೋಗುತ್ತಿದ್ದ.

ಅವ್ವನ ಆ ಅರಿವೆ ಟ್ರಂಕಿನಲ್ಲಿ ಮಡಚಿ ಕುಳಿತಿದೆ. ಮೊನ್ನೆ ಅದನ್ನು ಬಿಸಿಲಿಗೆ ಹಾಕಿದ್ದಳು. ಯಾಕೆ ಎಂದು ಕೇಳಿದೆ. "ಜಿರಳಿ ತಿಂದಾವು" ಅಂದಳು. ಮುಂದಿನ ವರ್ಷದ ಮಾತು ಯಾರೂ ಎತ್ತಿಲ್ಲ. ಪಾಸ್‌ಬುಕ್ ಮಾತ್ರ ಮತ್ತೆ ದೇವರ ಜಗಲಿಯ ಹಿಂದೆ ಸೇರಿದೆ.

ಅಜ್ಜಿ ಓಣಿಯ ಮಕ್ಕಳನ್ನು ಕಟ್ಟೆಗೆ ಕೂರಿಸಿಕೊಂಡು ಬೆಂಗಳೂರಿನ ಕತೆ ಹೇಳುತ್ತಾಳೆ. ಅದರಲ್ಲಿ ಇಬ್ಬರು ಮಕ್ಕಳ ಅಪ್ಪ–ಅವ್ವ ಈಗ ಬೆಂಗಳೂರಿನಲ್ಲೇ ಇದ್ದಾರೆ, ಯಾವುದೋ ಕಟ್ಟಡದಲ್ಲಿ. ಮೊನ್ನೆ ಸಂಜೆ ಅಡುಗೆಮನೆಯಲ್ಲಿದ್ದ ನನಗೆ ಅಜ್ಜಿಯ ದನಿ ಕೇಳಿಸಿತು. "...ನೀರೊಳಗಿಂದ ಒಂದು ರೈಲು ಎದ್ದು ಬರತೈತಿ. ನಾ ಕಣ್ಣಾರೆ ನೋಡೀನಿ. ಅದರಾಗ ಕುಂತವರಿಗೆ ಒಂದು ಹನಿನೂ ತಾಗಂಗಿಲ್ಲ."

ನಾನು ಹೊರಗೆ ಹೋಗಿ ತಿದ್ದಲಿಲ್ಲ.